ಹೌನ್ಸ್ಲೋದಿಂದ ಮರಳಿ ಬಂದ ಅರವತ್ತು ಚೀಲ

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಲಂಡನ್ನಿನ ಕೆಂಟನ್‌ನಿಂದ ಹೊರಟೆವು. ನಾನು, ರತ್ನಕ್ಕ, ಮೂರು ಸೂಟ್‌ಕೇಸ್. ಕ್ಯಾನರಿ ವಾರ್ಫ್‌ನ ಆಫೀಸಿಗೆ ನಾನು ರಜೆ ಹಾಕಿದ್ದೆ. ಕುಂದಾಪುರದ ರತ್ನಕ್ಕ ನಮ್ಮ ಬೀದಿಯ ಹಿರಿಯರು. ಬಸುರಿ, ಬಾಣಂತಿ ಎಂದರೆ ನಮ್ಮವರು ಜಿಪಿ ಡಾಕ್ಟರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಾರೆ.

ಸೂಟ್‌ಕೇಸುಗಳಲ್ಲಿ ತೊಂಬತ್ತು ಹೆರಿಗೆ ಚೀಲಗಳಿದ್ದವು. ಒಂದೊಂದರಲ್ಲೂ ಸೋಪು, ಕೈಗವಸು, ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟುವ ದಾರ, ಹಾಸಲು ಪ್ಲಾಸ್ಟಿಕ್ ಹಾಳೆ. ಆ ವರ್ಷ ಯೆಮನ್‌ಗೆ ಯುದ್ಧ, ಹಸಿವು, ಕಾಲರಾ ಮೂರೂ ಒಟ್ಟಿಗೆ ವಕ್ಕರಿಸಿದ್ದವು. ಆಸ್ಪತ್ರೆ ತಲುಪಲಾಗದ ಹೆಂಗಸರಿಗೆ ಇಂಥ ಚೀಲ ಕಳಿಸುವ ಪರಿಹಾರ ಸಂಸ್ಥೆಯೊಂದರ ಗೋದಾಮು ಹೌನ್ಸ್ಲೋದಲ್ಲಿತ್ತು. ನಾವು ಕೆಂಟನ್ ಹೆಂಗಸರು ಭಾನುವಾರವಿಡೀ ಕೂತು ಇವನ್ನು ಕಟ್ಟಿದ್ದೆವು.

ನಾರ್ತ್‌ವಿಕ್ ಪಾರ್ಕ್ ಸ್ಟೇಷನ್ನಿನಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಮೂರು ಕಡೆ ಟ್ಯೂಬ್ ರೈಲು ಬದಲಿಸಿ, ರತ್ನಕ್ಕ ತಂದ ಬನ್ಸ್ ತಿಂದು, ಹೌನ್ಸ್ಲೋ ವೆಸ್ಟ್‌ನಲ್ಲಿ ಇಳಿದಾಗ ಸಣ್ಣ ಮಳೆ ಹಿಡಿದಿತ್ತು.

ಗೋದಾಮಿನಲ್ಲಿ ಚೀಲಗಳನ್ನು ತಪಾಸಣೆ ಮಾಡಿದವಳು ಅಮಲ್, ಯೆಮನ್‌ನವಳೇ. ಒಂದನ್ನು ಬೆಳಕಿಗೆ ಹಿಡಿದು, "ಈ ಹಳದಿ ಕಾಳು ಏನು?" ಎಂದಳು.

ಅಕ್ಷತೆ. ಭಾನುವಾರ ಮಧ್ಯಾಹ್ನ ಬಂದ ರತ್ನಕ್ಕ, "ಬಸ್ರಿ ಹೆಂಗ್ಸಿಗೆ ಅಕ್ಕಿ ಹಾಕ್ದೆ ಬರೀ ಚೀಲ ಕೊಡೂಕಾತ್ತಾ?" ಎಂದು ಅಲ್ಲಿಂದ ಮುಂದಿನ ಪ್ರತಿ ಚೀಲಕ್ಕೂ ನಾಲ್ಕು ಕಾಳು ಹಾಕಿದ್ದರು. ಮಡಿಲು ತುಂಬುವ ಕೈ ಅದು, ಸುಮ್ಮನಿರುವುದಿಲ್ಲ.

ಅಮಲ್ ಗದರಲಿಲ್ಲ. "ಈ ದಾರ ಮಗುವಿನ ಹೊಕ್ಕುಳಿಗೆ ತಾಗುತ್ತದೆ. ಇದರ ಜೊತೆ ಏನೂ ಇರಬಾರದು" ಎಂದಳಷ್ಟೆ. ರತ್ನಕ್ಕ ಬರುವ ಮೊದಲು ಕಟ್ಟಿದ ಮೂವತ್ತು ಚೀಲಗಳನ್ನು ತೆಗೆದುಕೊಂಡಳು. ಯೆಮನ್‌ಗೆ ಸಾಮಾನು ಒಯ್ಯುವ ಸಂಜೆಯ ವಿಮಾನಕ್ಕೆ ಹೋದದ್ದು ಅಷ್ಟೇ. ಉಳಿದವಕ್ಕೆ ಹೊಸ ದಾರ, ಹೊಸ ಹಾಳೆ ಹಾಕಿ ಮತ್ತೆ ಕಟ್ಟಬೇಕು.

ಹಿಂದಿರುಗುವಾಗ ಆಕ್ಟನ್ ಟೌನ್‌ನ ಬೆಂಚಿನ ಮೇಲೆ ಕೂತು ರತ್ನಕ್ಕ ಕೇಳಿದರು, "ಒಳ್ದದ್ದ್ ಯಾವಾಗ ಹೋತ್ತ್?"

"ಇನ್ನೊಂದು ವಿಮಾನ ಮುಂದಿನ ತಿಂಗಳು, ರತ್ನಕ್ಕ."

ಅವರು ಸೂಟ್‌ಕೇಸಿನ ಮೇಲೆ ಕೈಯಿಟ್ಟರು. "ಅವ್ರ್ ಕಳ್ಸಿದ ಕಾಗ್ದ ನೀನ್ ಓದಿದ್ದೆ ಅಲ್ದಾ?"

ಓದಿದ್ದೆ. ಚೀಲಕ್ಕೆ ಬೇರೇನೂ ಸೇರಿಸಬಾರದು ಎಂದು ಸಂಸ್ಥೆಯ ಆ ಸೂಚನೆಯಲ್ಲಿ ದಪ್ಪಕ್ಷರದಲ್ಲೇ ಇತ್ತು. ಅವರು ಅಕ್ಷತೆ ಹಾಕುವಾಗ ನಾನು ಪಕ್ಕದಲ್ಲೇ ಕೂತು ಚೀಲದ ಬಾಯಿ ಅಂಟಿಸುತ್ತಿದ್ದೆ. ಹಿರಿಯರಿಗೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ. "ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ" ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

"ನನ್ ಬೇಜಾರ್ ಒಂದ್ ದಿನದ್ದ್" ಎಂದರು ರತ್ನಕ್ಕ. "ದಿನ ತುಂಬಿದವ್ಳ್ ಮುಂದಿನ ತಿಂಗ್ಳ್ ತನ್ಕ ಕಾಯ್ತಾಳಾ?"

ರೈಲು ಬಂತು. ಅರವತ್ತು ಚೀಲಗಳಿದ್ದ ಎರಡು ಸೂಟ್‌ಕೇಸುಗಳನ್ನೂ ನಾನೇ ಎತ್ತಿ ಒಳಗಿಟ್ಟೆ.