ನಿಲ್ಲದೆ ಹೋದ ಆರ್ಕೆಸ್ಟ್ರಾ

ಅಥಣಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಸೀರೆಗಳ ಸಂದಿಯಿಂದ ಮಿರಜದ ರಸ್ತೆ ಒಂದು ಮೊಳದಷ್ಟು ಕಾಣುತ್ತಿತ್ತು. ಬಿಜಾಪುರದ ಕಡೆಯಿಂದ ಬರುವ ಬಸ್ಸುಗಳಲ್ಲಿ ಯಾವುದರ ನೆತ್ತಿಯ ಮೇಲೆ ತಾಡಪತ್ರಿ ಹೊದ್ದ ಗುಂಡನೆಯ ಗಂಟುಗಳಿರುತ್ತವೋ ಅದು ಆರ್ಕೆಸ್ಟ್ರಾದವರ ಬಸ್ಸೆಂದು ನನ್ನ ನಾದಿನಿ ಸುನಂದಾ ದೂರದಿಂದಲೇ ಗುರುತಿಸುತ್ತಿದ್ದಳು. “ವೈನಿ, ದುಂಡಂದು ಡ್ರಮ್ಮು. ಉದ್ದಂದು ಗಿಟಾರ ಇರಬೇಕ್ರಿ,” ಎನ್ನುತ್ತ ಅವಳು ಒದ್ದೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಬಸ್ಸು ಕಬ್ಬಿನ ಗಾಡಿಗಳನ್ನು ಹಿಂದೆ ಹಾಕಿ ಕಾಗವಾಡದ ದಿಕ್ಕಿಗೆ ಹೋಗಿಬಿಟ್ಟಿರುತ್ತಿತ್ತು.

ನೀವು ದೊಡ್ಡ ಊರಿನವರಾದರೆ ಈ ಸಂಕಟ ನಿಮಗೆ ಸಣ್ಣದೆನಿಸೀತು. ಎಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ನಮ್ಮ ದ್ರಾಕ್ಷಿ ಹೋಗದ ಪೇಟೆಯಿರಲಿಲ್ಲ, ನಮ್ಮ ಸಕ್ಕರೆ ಕರಗದ ಚಹವಿರಲಿಲ್ಲ. ಆದರೆ ಆ ಪೇಟೆಗಳ ಹಾಡು ಮಾತ್ರ ನಮ್ಮನ್ನು ತಲುಪುತ್ತಿದ್ದುದು ರೇಡಿಯೋದ ಪೆಟ್ಟಿಗೆಯಲ್ಲಿ ಮುದುಡಿಕೊಂಡು. ಬಾಗಿಲಿಗೆ ಬಂದು ಒಲ್ಲೆನೆಂದವರ ಮೇಲೆ ಸಿಟ್ಟಾಗಬಹುದು. ಬಾಗಿಲಿದೆಯೆಂದೇ ಅರಿಯದೆ ಹೋದವರ ಮೇಲೆ ಏನಾಗುವುದು?

ಸುನಂದಾಳ ಕಿವಿ ಚಿಕ್ಕಂದಿನಿಂದಲೂ ಸೋರುತ್ತಿತ್ತು. ಇರುವಷ್ಟು ಶ್ರವಣವೂ ಹೆಚ್ಚು ದಿನ ಉಳಿಯಲಿಕ್ಕಿಲ್ಲವೆಂದು ಆ ವರ್ಷ ಮಿರಜದ ಡಾಕ್ಟರು ಹೇಳಿದರು. ಮರಳುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಯೇ, “ಕಿವಿ ಹೋಗೂದ್ರಾಗ ಒಮ್ಮೆ ಆರ್ಕೆಸ್ಟ್ರಾ ಮುಂದ ಕುಂತು ಕೇಳಬೇಕ್ರಿ ವೈನಿ. ರೇಡಿಯೋದಾಗಿಂದಲ್ಲ, ಎದಿಗೆ ಬಡಿಯೂವಂಥಾದ್ದು,” ಎಂದಳು.

ಮದುವೆಯಾಗದ ಮಗಳು ಪರವೂರಿಗೆ ಹಾಡು ಕೇಳಲು ಹೋಗುವುದು ಮಾವನವರಿಗೆ ಒಪ್ಪಿಗೆಯಿರಲಿಲ್ಲ. ನಮ್ಮೂರ ಗಣಪತಿಯ ಮುಂದಾದರೆ ಅಡ್ಡಿಯಿಲ್ಲವೆಂದರು. ನನ್ನ ಗಂಡ ಗಣಪತಿ ಕೂಡಿಸುವ ತರುಣ ಮಂಡಳದಲ್ಲಿದ್ದರು. “ನಿನ್ನ ಅಕ್ಷರ ಮುತ್ತಿನಂಗ ಅದಾವ. ಇಂಗ್ಲಿಷಿನ್ಯಾಗ ಬರಿ, ಸಾಹೇಬರ ಊರು ಅಂತ ತಿಳದು ಓಡಿ ಬರ್ತಾರ,” ಎಂದು ಕಾಗದ ಬರೆಯುವ ಕೆಲಸವನ್ನು ಧಾರವಾಡದ ಕಾನ್ವೆಂಟಿನಲ್ಲಿ ಕಲಿತ ನನಗೆ ಒಪ್ಪಿಸಿದರು.

ಪುಣೆಯ ಕಡೆಯ ಒಂದು ಆರ್ಕೆಸ್ಟ್ರಾಕ್ಕೆ ಬರೆದೆ; ಅದರ ಮ್ಯಾನೇಜರು ಬೇಗನೆ ಉತ್ತರಿಸಿದ. ದಿನ ಖಾಲಿಯಿದೆ, ಬರುತ್ತೇವೆ. ನಿಮ್ಮ ಜನ ಮರಾಠಿಯವರೋ ಕನ್ನಡದವರೋ ತಿಳಿಸಿ, ಎಂದಷ್ಟೇ ಕೇಳಿದ್ದ.

ನಾನು ಪೆನ್ನು ಹಿಡಿದು ಕೂತೆ. ಅಡುಗೆಮನೆಯಲ್ಲಿ ಅತ್ತೆ ಕನ್ನಡದ ಪದ ಗುನುಗುತ್ತಿದ್ದರು. ಸಂಜೆಯಾದರೆ ಅವರೇ ಮರಾಠಿಯಲ್ಲಿ ಆರತಿ ಹಾಡುವವರು, ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನು ಯಾವ ಭಾಷೆ ಮೊದಲು ನಾಲಿಗೆಗೆ ಸಿಕ್ಕೀತೋ ಅದರಲ್ಲಿ ಬೈಯುವವರು. ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಅರ್ಧ ಅವರು, ಅರ್ಧ ಇವರು, ಎರಡನ್ನೂ ಹಾಡಬೇಕು ಎಂದು ಬರೆದೆ. ಯಜಮಾನರು ಓದದೆಯೇ ಸಹಿ ಹಾಕಿದರು.

ಎರಡೂ ಕಡೆಯವರು ಸೇರಿದಲ್ಲಿ ಯಾವ ಹಾಡು ಮೊದಲೆಂದೇ ಜಗಳವಾಗುತ್ತದೆ, ವಾದ್ಯಗಳು ಒಡೆಯುತ್ತವೆ, ಕ್ಷಮಿಸಿ, ಎಂದು ಉತ್ತರ ಬಂತು.

“ಅಯ್ಯ ಹುಚ್ಚಿ!” ಯಜಮಾನರು ಹಣೆ ಬಡಿದುಕೊಂಡರು. “ಕೇಳಿದಾವ ಮರಾಠಿ ಇದ್ರ ಮರಾಠಿ ಅನ್ನೂದು, ಕನ್ನಡ ಇದ್ರ ಕನ್ನಡ ಅನ್ನೂದು. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತೈತಿ!”

ಕೇಳಿದವರ ಭಾಷೆಯೇ ತಮ್ಮದೆನ್ನುವ ಆ ಗಡಿನಾಡಿನ ಜಾಣ್ಮೆಯನ್ನು ನಾನು ಅದುವರೆಗೆ ಸುಳ್ಳೆಂದು ತಿಳಿದಿದ್ದೆ. ಅದು ಬಂದವರನ್ನು ಒಳಗೆ ಕರೆಯುವ ರೀತಿಯೆಂದು ಹೊಳೆದಾಗ ತಡವಾಗಿತ್ತು. ಸುನಂದಾಳಿಗೆ, ಅವರಿಗೆ ದಿನ ಹೊಂದಲಿಲ್ಲವೆಂದೆ. ಹೀಗೆ ನಿಜವನ್ನು ಅಪರಿಚಿತನಿಗೆ ಬರೆದು, ಸುಳ್ಳನ್ನು ಮನೆಯವಳಿಗೆ ಉಳಿಸಿದೆ. ಮಂಡಳದವರು ಮತ್ತೆ ಯಾರನ್ನೂ ಕರೆಯಲಿಲ್ಲ.

ಎರಡು ವರ್ಷ ಕಳೆಯಿತು. ಅವಳು ರೇಡಿಯೋದ ಮೇಲೆ ಅಂಗೈಯಿಟ್ಟು ಕೂಡತೊಡಗಿದಳು; ಕೊನೆಗೆ ಅದನ್ನೂ ಬಿಟ್ಟಳು. ಒಂದು ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಮೊರದ ಮೇಲೆ ಬಾಗಿ ಮೆಲ್ಲಗೆ ಹೇಳಿದೆ.

“ಏನಂದ್ರಿ? ಜೋರಾಗಿ ಹೇಳ್ರಿ ವೈನಿ, ಕೇಳವಲ್ದು.”

ಇನ್ನೊಮ್ಮೆ ಹೇಳಿದೆ. ಕೇಳಿಸಲಿಲ್ಲವೆಂದು ಅವಳು ತಲೆಯಾಡಿಸಿದಳು. ಕಾನ್ವೆಂಟಿನಲ್ಲಿ ತಗ್ಗಿಸಲು ಕಲಿತ, ಈ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲನ್ನೂ ದಾಟದ ನನ್ನ ದನಿಯನ್ನು ಆ ದಿನ ನಾನು ಎದ್ದುನಿಂತು ಹೊರಗೆ ತೆಗೆದೆ. “ಅರ್ಧ ಮರಾಠಿ, ಅರ್ಧ ಕನ್ನಡ ಎಂದು ನಾನು ಬರೆದ ಕಾಗದದಿಂದಲೇ ಆರ್ಕೆಸ್ಟ್ರಾದವರು ಬರಲಿಲ್ಲ, ಸುನಂದಾ!”

ಕಟ್ಟೆಯ ಮೇಲೆ ಮಾವನವರ ಪತ್ರಿಕೆಯ ಸದ್ದು ನಿಂತಿತು. ಒಳಗಿನಿಂದ ಅತ್ತೆ, “ಏನಾತವಾ?” ಎಂದು ಕೂಗಿದರು. ಸುನಂದಾ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮೊರದಿಂದ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟಳು.

“ಖರೇನ ಬರದೀರಿ. ಅದಕ್ಯಾಕ ಬೈಲಿ?” ಎಂದಳು. ಆಮೇಲೆ ಮೊರದ ಜೋಳವನ್ನು ಒಮ್ಮೆ ಕೇರಿ: “ಆದ್ರ ನನಗ ಕಿವಿ ಇದ್ದಾಗ ಹೇಳಬೇಕಿತ್ರಿ ವೈನಿ. ಸಣ್ಣ ದನಿಲೆ ಮುಗೀತಿತ್ತು.”