ತವರೂರಿನ ಹೆಣಿಗೆ

ನಮ್ಮ ತಾತ ಮ್ಯಾಥ್ಯೂ ಥೀಕರ್ ಹೆಂಡತಿಯನ್ನು ಬಿಟ್ಟು ಓಡಿಹೋದವನೆಂದು ಸ್ಕಾರ್ನೆಸ್ ಊರಿನವರು ಐವತ್ತು ವರ್ಷ ಆಡಿಕೊಂಡರು. ಒಬ್ಬನೇ ದೋಣಿ ಹತ್ತಿ ಮೀನಿಗೆ ಹೋದವನು. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಆಡಿಕೊಳ್ಳುವವರಿಗೆ ಇನ್ನೇನು ಬೇಕು! ಅವನ ಹೆಂಡತಿ ಟೇಮರಜ್ಜಿ ಮಾತ್ರ ವಿಧವೆಯರ ಕಪ್ಪು ಬಟ್ಟೆ ತೊಡಲಿಲ್ಲ. ಜನಗಣತಿಯವನು ಬಂದಾಗಲೆಲ್ಲ, "ವಿಧವೆ ಅಂತ ಬರೆದ್ಯೋ, ಲೇಖನಿ ಕಿತ್ಕೋತೀನಿ. ಮೀನುಗಾರನ ಹೆಂಡ್ತಿ ಅಂತ ಬರಿ!" ಎಂದು ಗದರುತ್ತಿದ್ದಳು.

ಮನೆಯ ಬೈಬಲ್ಲಿನ ಖಾಲಿ ಹಾಳೆಯಲ್ಲಿ ಹಿರಿಯರ ಹೆಸರು, ಕಸುಬು ಬರೆದಿಡೋಣವೆಂದು ನಾನು ಈ ವರ್ಷ ಚರ್ಚಿನ ದಾಖಲೆಗಳನ್ನು ಕೆದಕಿದೆ. ಮುತ್ತಾತ ಹಡಗಿನ ಬಡಗಿ, ಅವನಪ್ಪ ತಿಮಿಂಗಿಲ ಬೇಟೆಯವನು. ತಾತ ಮೀನುಗಾರ, ಅವನ ಸಾವು ಮಾತ್ರ ಎಲ್ಲೂ ಇಲ್ಲ.

"ಇಲ್ಲಿ ಸಮುದ್ರದ ನೀರು ದಕ್ಷಿಣಕ್ಕೆ ಎಳೆಯುತ್ತೆ, ಹೆಸ್ಟರಮ್ಮ. ಆ ಕಡೆ ಚರ್ಚುಗಳಲ್ಲೂ ನೋಡು," ಎಂದು ಚರ್ಚಿನ ಗುಮಾಸ್ತ ನನಗೆ ಹೇಳಿದ.

ಮೂರನೆಯ ಊರಿನ ಚರ್ಚಿನಲ್ಲಿ ದಾಖಲೆ ಸಿಕ್ಕಿತು. ತಾತ ಕಾಣೆಯಾದ ವಾರವೇ ಅಲ್ಲಿ ಒಂದು ಹೆಣ ದಡಕ್ಕೆ ಬಂದಿತ್ತು. "ಅಪರಿಚಿತ. ಎಡಗೈ ಕಿರುಬೆರಳಿಲ್ಲ. ಸ್ವೆಟರಿನ ಹೆಣಿಗೆ ರೇವನ್‌ಹೈತ್ ಊರಿನದು. ಅಲ್ಲಿಗೆ ಹೇಳಿಕಳಿಸಿದೆವು, ಅಲ್ಲಿನ ಗಂಡಸರೆಲ್ಲ ಕ್ಷೇಮವಂತೆ. ಹೂಳಲಾಯಿತು." ಗಾಳದ ಹಗ್ಗಕ್ಕೆ ಸಿಕ್ಕಿ ತಾತ ಆ ಬೆರಳು ಕಳೆದುಕೊಂಡ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು.

ನಮ್ಮ ಕರಾವಳಿಯಲ್ಲಿ ಸ್ವೆಟರಿಗೆ ಊರಿಗೊಂದು ಹೆಣಿಗೆಯ ಮಾದರಿ. ಮುಳುಗಿದವನ ಸ್ವೆಟರ್ ನೋಡಿಯೇ ಅವನ ಊರು ಹುಡುಕುತ್ತಾರೆ. ರೇವನ್‌ಹೈತ್ ಅಜ್ಜಿಯ ತವರು. ಮದುವೆಯಾಗಿ ಬಂದವಳು ಹಟ ಹಿಡಿದು ಗಂಡನಿಗೂ ತವರಿನ ಹೆಣಿಗೆಯನ್ನೇ ಹಾಕಿದ್ದಳು. ಅಯ್ಯೋ ದೇವರೇ, ಈ ಮುದುಕಿಗೆ ಇದನ್ನು ಹೇಗೆ ಹೇಳಲಿ? ಹೇಳದಿದ್ದರೆ ತಾತ ಓಡಿಹೋದವನಾಗಿಯೇ ಉಳಿಯುತ್ತಾನೆ.

ಹೆಣ ಸಿಕ್ಕಿದ್ದನ್ನೂ ಬೆರಳಿನ ವಿಷಯವನ್ನೂ ಅಜ್ಜಿಗೆ ಹೇಳಿದೆ. ಹೆಣಿಗೆಯ ಮಾತು ನುಂಗಿಕೊಂಡೆ.

"ನೋಡಿದ್ಯಾ, ಓಡಿಹೋಗಿರ್ಲಿಲ್ಲ ನನ್ನ ಗಂಡ!" ಅಜ್ಜಿ ಅಳುತ್ತಲೇ ನಕ್ಕಳು. ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿದಳು. "ಅಲ್ವೇ, ಮೈಮೇಲೆ ಸ್ವೆಟರ್ ಇತ್ತಲ್ಲ? ಅದನ್ನ ನೋಡಿ ಯಾಕೆ ಇಲ್ಲಿಗೆ ಹೇಳಿಕಳಿಸ್ಲಿಲ್ಲ?"

ನಾನು ತಲೆ ತಗ್ಗಿಸಿದೆ. ಅವಳಿಗೆ ಅಷ್ಟೇ ಸಾಕಾಯಿತು.

"ನಮ್ಮತ್ತೆ ಬಡ್ಕೊಂಡ್ಳು ಕಣೇ, ಈ ಊರಿನ ಹೆಣಿಗೆ ಹಾಕು ಅಂತ," ಎಂದಳು. "ಜೊತೆ ಮೀನುಗಾರರೆಲ್ಲ ಹೆಂಡ್ತಿ ಊರಿನ ಹೆಣಿಗೆ ಅಂತ ಅವನನ್ನ ನೋಡಿ ನಗ್ತಿದ್ರು. ಆದ್ರೂ ನನಗೆ ಬೇಜಾರಾಗ್ಬಾರ್ದು ಅಂತ ದಿನಾ ಅದನ್ನೇ ಹಾಕ್ಕೊಂಡು ಹೋಗ್ತಿದ್ದ."