ಖಾಲಿ ವೈರ್ ಬ್ಯಾಗು

ನಮ್ಮ ಕಡೆ ಯಾರೂ ಸುಮ್ಮನೆ ನಡೆಯಲ್ಲ. ಹೊಲಕ್ಕೆ ನಡೀತಾರೆ, ಸಂತೆಗೆ ನಡೀತಾರೆ, ಬಸ್ಸು ಕೈಕೊಟ್ಟರೆ ಡ್ರೈವರನ್ನ ಬೈಕೊಂಡು ನಡೀತಾರೆ. ಡಿಸೆಂಬರಿನ ಜಿಟಿಜಿಟಿ ಮಳೆಯಲ್ಲಿ, ಆ ಶೀತಗಾಳಿಯಲ್ಲಿ, ಗಂಡ ಹೆಂಡತಿ ಇಬ್ಬರೇ ಕೆಲಸವಿಲ್ಲದೆ ರಸ್ತೆಯಲ್ಲಿ ಹೋಗುತ್ತಿದ್ದರೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲಾ ಮನೆಯಲ್ಲಿ ಜಗಳ ಆಗಿರಬೇಕು. ನಮಗೆ ಎರಡೂ ಆಗಿರಲಿಲ್ಲ. ಆದರೂ ಎಂಬತ್ತರ ದಶಕದ ಕೊನೆಯ ಒಂದು ಕ್ರಿಸ್‌ಮಸ್ ರಜೆಯಲ್ಲಿ ನಾವಿಬ್ಬರೂ ದಿನಾ ಸಂಜೆ ಹಾಗೆ ನಡೆದೆವು. ಹೊರಡಿಸಿದವಳು ನಾನೇ.

ನಾನು ಗೌರಿಬಿದನೂರಿನವಳು. ಪಿಯುಸಿ ಮುಗಿಸಿ, ಮದುವೆಯಾಗಿ, ಜಂಗಮಕೋಟೆ ಹತ್ತಿರದ ಹಳ್ಳಿಗೆ ಬಂದು ಎರಡು ವರ್ಷವಾಗಿತ್ತು. ಇವರು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಮೇಷ್ಟ್ರು. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಅರ್ಜಿ ಇತ್ತು, ಚಿಂತಾಮಣಿಯಲ್ಲಿ ಟೀಚರ್ ಟ್ರೈನಿಂಗ್ ಸೇರೋದಕ್ಕೆ. ಅದಕ್ಕೆ ಇವರ ಸಹಿ ಬೇಕಾಗಿತ್ತು. ರಜೆ ಮುಗಿದು ಸ್ಕೂಲು ತೆರೆಯುವ ದಿನವೇ ಅರ್ಜಿ ಕೊಡಲು ಕೊನೆಯ ದಿನ. ನನಗೆ ಸೀಟು ಸಿಗುತ್ತೆ ಅನ್ನೋದರಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ. ಅನುಮಾನವಿದ್ದದ್ದು ಇವರ ಬಾಯಿಯ ಮೇಲೆ. ತಮ್ಮ ಅಪ್ಪನ ಮುಂದೆ ಆ ಬಾಯಿ ತೆರೆಯುತ್ತಲೇ ಇರಲಿಲ್ಲ.

ಮನೆಯೊಳಗೆ ಕೂತು ಮಾತಾಡೋಣ ಅಂದರೆ ಜಾಗ ಎಲ್ಲಿ? ಮನೆ ತುಂಬ ರೇಷ್ಮೆ ಹುಳ. ನಡುಮನೆಯಲ್ಲಿ ತಟ್ಟೆಗಳ ಸಾಲು, ನಮ್ಮ ಕೋಣೆಯಲ್ಲೂ ತಟ್ಟೆ. ಮದ್ರಾಸಿನ ಕಡೆ ಸೈಕ್ಲೋನ್ ಎದ್ದರೆ ನಮ್ಮಲ್ಲಿ ವಾರಗಟ್ಟಲೆ ಬಿಸಿಲು ಬೀಳಲ್ಲ. ಒದ್ದೆ ಸೊಪ್ಪು ತಿಂದರೆ ಹುಳ ಕಾಯಿಲೆ ಬಿದ್ದು ಸಾಯುತ್ತವೆ. ಹಾಗಾಗಿ ಕೊಯ್ದ ಹಿಪ್ಪುನೇರಳೆ ಸೊಪ್ಪನ್ನೆಲ್ಲ ಒಳಗೆ ತಂದು, ಹಳೇ ಸೀರೆಗಳ ಮೇಲೆ ಹರವಿ, ಎಲೆ ಎಲೆ ಒರೆಸಬೇಕು. ಅತ್ತೆ, ಮಾವ, ಎದುರುಮನೆ ದೊಡ್ಡಮ್ಮ ಎಲ್ಲರೂ ಸುತ್ತ ಕೂತು ಒರೆಸುತ್ತಿರುವಾಗ ಗಂಡನ ಹತ್ತಿರ ಏನು ಮಾತಾಡೋದು, ಹುಳದ ಆರೋಗ್ಯವೇ?

"ರೀ, ಹೊರಗೆ ಹೋಗಣ ಬನ್ನಿ" ಅಂದೆ.

"ಈ ಮಳೇಲಾ?"

"ಮಳೇಲೇ. ಯಾರೂ ಇರಲ್ಲ."

ಯಾರೂ ಇರಲ್ಲ ಅಂದುಕೊಂಡಿದ್ದು ನನ್ನ ದಡ್ಡತನ. ನಮ್ಮೂರಿನ ರಸ್ತೆ ಯಾವತ್ತು ಖಾಲಿ ಇದ್ದಿದ್ದು? ಗೋಣಿಚೀಲ ಮಡಿಸಿ ತಲೆ ಮೇಲೆ ಹಾಕಿಕೊಂಡ ಒಬ್ಬರು ಎದುರು ಬಂದೇ ಬರುತ್ತಿದ್ದರು, ನಿಂತೇ ನಿಲ್ಲುತ್ತಿದ್ದರು. ಹೊರಟವರನ್ನು 'ಎಲ್ಲಿಗೆ' ಅಂತ ಯಾರೂ ಕೇಳುತ್ತಿರಲಿಲ್ಲ. ಅದು ಅಪಶಕುನ, ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ. ಅದಕ್ಕೇ 'ದೂರಾನಾ?' ಅಂತ ಕೇಳುತ್ತಾರೆ. ಕೇಳುವುದು ಅದನ್ನೇ, ದೇವರಿಗೆ ಗೊತ್ತಾಗದ ಹಾಗೆ.

"ದೂರಾನಾ ಮೇಷ್ಟ್ರೇ?"

"ಇಲ್ಲೇ, ಗಿರಣಿಗೆ" ಅಂದರು ಇವರು. ಇಬ್ಬರ ಕೈಯಲ್ಲೂ ಒಂದು ಹಿಡಿ ರಾಗಿ ಇರಲಿಲ್ಲ.

ಮಾರನೇ ದಿನದಿಂದ ನಾನೊಂದು ಖಾಲಿ ವೈರ್ ಬ್ಯಾಗು ಹಿಡಿದೆ. ಗಾಳಿ ಎಷ್ಟಿತ್ತೆಂದರೆ ಆ ಬ್ಯಾಗೂ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಇವರ ಛತ್ರಿ ತಿರುಗಿಕೊಂಡು ಕಡ್ಡಿ ಮುರಿದು, ಕೊನೆಗೆ ಅದನ್ನು ಊರುಗೋಲು ಮಾಡಿಕೊಂಡರು. ಕೆರೆ ಏರಿಯ ಮೇಲೆ ಜಾರುವ ಮಣ್ಣು, ಪಕ್ಕದ ಹೊಲಗಳಿಂದ ಅವರೆಕಾಯಿಯ ಸೊಗಡು. ಮೂಗು ಸೋರುತ್ತಿತ್ತು, ಸೀರೆ ಅಂಚೆಲ್ಲ ಕೆಸರು. ನಾನು ಅಷ್ಟು ಖುಷಿಯಾಗಿ ಅದಕ್ಕೆ ಮುಂಚೆ ಇದ್ದದ್ದೇ ಇಲ್ಲ. ಎರಡು ವರ್ಷದಲ್ಲಿ ಆಡದ ಮಾತು ನಾಲ್ಕು ಸಂಜೆಯಲ್ಲಿ ಆಡಿದೆವು. ತಾನು ಮೊದಲನೇ ದಿನ ಪಾಠ ಮಾಡುವಾಗ ಕಾಲು ನಡುಗಿ ಮೇಜು ಹಿಡಿದುಕೊಂಡಿದ್ದನ್ನೂ ಇವರು ಹೇಳಿಬಿಟ್ಟರು.

"ಅಪ್ಪನಿಗೆ ಇವತ್ತು ಹೇಳ್ತೀನಿ ಕಣೇ" ಅನ್ನುತ್ತಿದ್ದರು ವಾಪಸ್ಸು ಬರುವಾಗ. ಹೊಸಿಲು ದಾಟಿದರೆ ಮುಗೀತು. ಅಂಗಳದ ಶೂರ, ಮನೆಯೊಳಗೆ ಜಂತೆ ಎಣಿಸುತ್ತಾ ಕೂರುತ್ತಿದ್ದರು.

ಇತ್ತ ಇವರ ಸುಳ್ಳುಗಳು ಮುಗಿಯುತ್ತಾ ಬಂದಿದ್ದವು. ಗಿರಣಿ ಆಯಿತು, ಪೋಸ್ಟಾಫೀಸು ಆಯಿತು, ಸ್ನೇಹಿತರ ಮನೆ ಆಯಿತು. ಐದನೇ ದಿನ ಟೀ ಅಂಗಡಿಯವರು ತೆಲುಗಿನಲ್ಲಿ "ದೂರಮಾ ಸಾರೂ?" ಅಂದಾಗ ಗಾಬರಿಯಲ್ಲಿ ಇವರ ಬಾಯಿಂದ "ಡಾಕ್ಟ್ರ ಹತ್ರ" ಅಂತ ಬಂತು. ನಾನು ತಲೆ ಚಚ್ಚಿಕೊಂಡೆ.

ಮಾತು ನಮಗಿಂತ ಮುಂಚೆ ಮನೆ ಸೇರಿತ್ತು. ಆ ರಾತ್ರಿ ಅತ್ತೆ ನನ್ನ ತಟ್ಟೆಗೆ ಹಿದುಕಿದಬೇಳೆ ಸಾರು ಎರಡು ಸೌಟು ಜಾಸ್ತಿ ಹಾಕಿ, ಮೇಲೆ ಕೇಳದೇ ತುಪ್ಪ ಸುರಿದರು. ಬೆಳಿಗ್ಗೆ ಎದುರುಮನೆ ದೊಡ್ಡಮ್ಮ ಸೊಪ್ಪು ಒರೆಸುತ್ತಾ ನಕ್ಕರು. "ಏನೋ ವಿಶೇಷವಂತಲ್ಲೇ? ದಿನಾ ಡಾಕ್ಟ್ರ ಹತ್ರ ನಡೀತಿದೀರಂತೆ?"

ಸಂಜೆ ಬ್ಯಾಗಿಗೆ ಕೈ ಹಾಕಿದರೆ ಅತ್ತೆ ಅದನ್ನು ಕಿತ್ತು ಮೊಳೆಗೆ ನೇತುಹಾಕಿದರು. "ಈ ಗಾಳಿಗೆ ಹೊರಗೆ ಕಾಲಿಡಕೂಡದು. ಇನ್ಮೇಲೆ ನೀನು ಒಬ್ಬಳೇ ಅಲ್ಲ." ಅಷ್ಟು ಮೃದುವಾಗಿ ಅವರು ನನ್ನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಸುಮ್ಮನಿದ್ದರೆ ಇನ್ನೊಂದು ತಿಂಗಳು ತುಪ್ಪ ತಿನ್ನಬಹುದಿತ್ತು. ಆದರೆ ಅರ್ಜಿಗೆ ಉಳಿದದ್ದು ಮೂರೇ ದಿನ. ಇವರನ್ನು ನೋಡಿದೆ. ಜಂತೆ ನೋಡುತ್ತಿದ್ದರು.

"ಅತ್ತೆ, ವಿಶೇಷ ಇದೆ. ನೀವು ಅಂದ್ಕೊಂಡಿದ್ದಲ್ಲ" ಅಂದೆ. "ನಾನು ಮೇಷ್ಟ್ರಾಗ್ಬೇಕು. ಚಿಂತಾಮಣೀಲಿ ಓದ್ಬೇಕು. ಅದನ್ನ ಇವರ ಹತ್ರ ಮಾತಾಡೋಕೆ ಹೋಗ್ತಿದ್ದೆ."

"ಮಾತಾಡೋಕೆ ಮಳೇಲಿ ಅಷ್ಟು ದೂರ ಹೋಗ್ಬೇಕೇನೇ?"

"ಈ ಮನೇಲಿ ಹುಳಕ್ಕೆ ಜಾಗ ಇದೆ ಅತ್ತೆ. ನಮಗೆಲ್ಲಿದೆ?"

ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು ನಾನು ಎಷ್ಟು ಜೋರಾಗಿ ಹೇಳಿದ್ದೆ ಅಂತ. ಅತ್ತೆಯ ಮುಖ ಇಳಿದುಹೋಯಿತು. ಮೊಮ್ಮಗು ಬರುತ್ತೆ ಅಂತ ಒಂದು ಹಗಲು ಪೂರ್ತಿ ಆಸೆಪಟ್ಟಿದ್ದರಲ್ಲ, ಅದನ್ನು ಕಿತ್ತುಕೊಂಡವಳು ನಾನು. ಮೂಲೆಯಲ್ಲಿ ಕೂತಿದ್ದ ಮಾವ ಎದ್ದು ಹೊಲದ ಕಡೆ ಹೋದರು. ಅವರು ನನ್ನ ಹತ್ತಿರ ಎರಡು ವರ್ಷದಲ್ಲಿ ನೇರವಾಗಿ ಮಾತಾಡಿದ್ದೇ ಇಲ್ಲ. ಏನಿದ್ದರೂ ಅತ್ತೆಗೆ 'ಅವಳಿಗೆ ಹೇಳು' ಅನ್ನುತ್ತಿದ್ದರು. ಎಲ್ಲ ಕೆಟ್ಟಿತು ಅಂತ ಸೊಪ್ಪಿನ ಮುಂದೆ ಕೂತು ಕಣ್ಣೀರು ಹಾಕಿದೆ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಒಣ ಬಟ್ಟೆಯೊಂದನ್ನು ನನ್ನ ಕಡೆ ಎಸೆದರು. "ಕಣ್ಣೀರು ಬಿದ್ದ ಸೊಪ್ಪೂ ಒದ್ದೆ ಸೊಪ್ಪೇ ಕಣೇ. ಒರೆಸು."

ಅರ್ಜಿಯ ವಿಷಯ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಕೊನೆಯ ದಿನ ಬೆಳಿಗ್ಗೆ ಮಳೆ ನಿಂತಿರಲಿಲ್ಲ. ನಾನು ಕೇಳಲೂ ಇಲ್ಲ. ಇವರೇ ಟ್ರಂಕು ತೆಗೆದು, ಅರ್ಜಿ ಹೊರಗೆ ತಂದು, ನಡುಮನೆಯಲ್ಲಿ ಎಲ್ಲರ ಎದುರಿಗೆ ಕೂತು ಸಹಿ ಹಾಕಿದರು. "ಅಪ್ಪಾ, ನಾನು ಸಹಿ ಹಾಕಿದೀನಿ" ಅಂದರು ಜಗಲಿಯ ಕಡೆ ತಿರುಗಿ. ಜಗಲಿಯಿಂದ ಒಂದು ಕೆಮ್ಮು ಬಂತು, ಅಷ್ಟೇ.

ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ವೈರ್ ಬ್ಯಾಗಿನೊಳಗೆ ಇಟ್ಟೆ. ಬಾಗಿಲಿಗೆ ಬಂದರೆ ಜಗಲಿಯ ಮೆಟ್ಟಿಲಿಗೆ ಅಡ್ಡವಾಗಿ ಮಾವ ಕೂತಿದ್ದರು, ತಲೆ ಮೇಲೆ ಗೋಣಿಚೀಲ, ಕಾಲೆಲ್ಲ ಕೆಸರು. ನನ್ನನ್ನು, ಬ್ಯಾಗನ್ನು ಸರಿಯಾಗಿ ನೋಡಿದರು. 'ಎಲ್ಲಿಗೆ' ಅಂತ ಒಂದು ಮಾತು ಅಂದರೆ ಸಾಕಿತ್ತು, ನಾನು ವಾಪಸ್ಸು ಒಳಗೆ ಹೋಗಬೇಕಾಗುತ್ತಿತ್ತು.

ಮಾವ ಎದ್ದು ಪಕ್ಕಕ್ಕೆ ಸರಿದರು.

"ದೂರಾನಮ್ಮಾ?" ಅಂದರು, ನನಗೇ.

"ಹೂಂ ಮಾವ," ಅಂದೆ. "ದೂರಾನೇ."